ಅರವತ್ತು ಕಂಬದ ಚಂಚಿ

ಸಂಕ್ರಾಂತಿಗೆ ಇನ್ನು ಹದಿನೈದು ದಿನ ಇದೆ ಎನ್ನುವಾಗ ನಮ್ಮ ಮನೆಯ ಅಟ್ಟದಿಂದ ಎರಡು ವಸ್ತು ಕೆಳಗಿಳಿಯುತ್ತವೆ. ಒಂದು, ಅತ್ತೆಯವರ ಕಾಲದ ಹಿತ್ತಾಳೆ ಪರಾತ. ಇನ್ನೊಂದು, ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಪರಾತ ಕುಸುರೆಳ್ಳು ಮಾಡುವುದಕ್ಕೆ. ಡಬ್ಬಿಯಲ್ಲಿ ಕ್ರೋಶಾ ಸೂಜಿ, ದಾರದ ಉಂಡೆ, ಅರ್ಧಕ್ಕೆ ನಿಂತ ಒಂದೆರಡು ಚಂಚಿ. ಅತ್ತೆಯವರು ತೀರಿಕೊಂಡ ಮೇಲೆ ಪರಾತಕ್ಕೆ ಕೆಲಸ ಕಡಿಮೆಯಾಗಿದೆ; ಹುಬ್ಬಳ್ಳಿಯಿಂದ ಪಾಕೀಟು ತರುತ್ತೇವೆ ಎಂಬುದನ್ನು ಮುಚ್ಚಿಡುವುದಿಲ್ಲ. ಡಬ್ಬಿಗೆ ಮಾತ್ರ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೆಲಸ ತಪ್ಪಿಲ್ಲ.

ಚಂಚಿ ಎಂದರೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹಿರಿಯರು ಎಲೆ, ಅಡಿಕೆ, ಸುಣ್ಣದ ಡಬ್ಬಿ ಇಟ್ಟುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಬಟ್ಟೆಯ ಚೀಲ. ನಾನು ಹೇಳುತ್ತಿರುವುದು ಅದರ ಮರಿ. ದಾರದಿಂದ ಹೆಣೆದದ್ದು, ಅಂಗೈಯಲ್ಲಿ ಕೂಡುವಷ್ಟು ದೊಡ್ಡದು, ಬಾಯಿಗೊಂದು ಲಾಡಿ, ಲಾಡಿಯ ತುದಿಗೆ ಗೊಂಡೆ. ಅದರೊಳಗೆ ಎರಡು ಹಿಡಿ ಕುಸುರೆಳ್ಳು ತುಂಬಿ ಮನೆಗೆ ಬಂದವರ ಕೈಗಿಡುವುದು.

ಕುಸುರೆಳ್ಳನ್ನು ಮನೆಯಲ್ಲಿ ಮಾಡಿದವರಿಗೇ ಅದರ ಬೆಲೆ ಗೊತ್ತು. ಪುಷ್ಯಮಾಸದ ಚಳಿಯಲ್ಲಿ ನಸುಕಿಗೇ ಎದ್ದು, ಸಣ್ಣ ಕೆಂಡದ ಮೇಲೆ ಪರಾತ ಇಟ್ಟು, ತೊಳೆದು ಒಣಗಿಸಿದ ಬಿಳಿ ಎಳ್ಳು ಹಾಕಿ, ಸಕ್ಕರೆ ಪಾಕವನ್ನು ಚಮಚೆ ಚಮಚೆಯಾಗಿ ಬಿಡುತ್ತ, ಬೆರಳಲ್ಲಿ ಆಡಿಸುತ್ತ ಕೂಡಬೇಕು. ಒಂದು ಚಮಚೆ ಪಾಕ ಪೂರ್ತಿ ಆರಿದ ಮೇಲೆಯೇ ಇನ್ನೊಂದು. ಅವಸರ ಮಾಡಿದರೆ ಎಳ್ಳೆಲ್ಲ ಒಂದಕ್ಕೊಂದು ಅಂಟಿ ಗಂಟು. ಕೆಂಡ ಹೆಚ್ಚಾದರೆ ಸಕ್ಕರೆ ಹಳದಿ. ತಾಸುಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕೂತರೆ ಎಳ್ಳಿನ ಮೈಮೇಲೆ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಆ ಮುಳ್ಳು ಎದ್ದ ದಿನ ನಮ್ಮ ಅತ್ತೆಯವರ ಮುಖ ನೋಡಬೇಕಿತ್ತು. ನೆರೆಯವರನ್ನೆಲ್ಲ ಕರೆದು ತೋರಿಸುತ್ತಿದ್ದರು. ಬೆರಳ ತುದಿ ಸುಟ್ಟು ಕೆಂಪಾಗಿದ್ದನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ.

ನಾನು ಬಂಕಾಪುರಕ್ಕೆ ಮದುವೆಯಾಗಿ ಬಂದವಳು, ಪ್ರಾಥಮಿಕ ಶಾಲೆಯ ಅಕ್ಕೋರು. 1996ರಲ್ಲಿ ಮಗಳು ಹುಟ್ಟಿದಳು. ಮರುವರ್ಷದ ಜನವರಿಯಲ್ಲಿ ಅವಳ ಮೊದಲ ಸಂಕ್ರಾಂತಿ. ಆಗಿನ್ನೂ ನಾವು ಧಾರವಾಡ ಜಿಲ್ಲೆಯವರು. ಹಾವೇರಿ ಜಿಲ್ಲೆಯಾದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಮಗುವಿಗೆ ಕುಸುರೆಳ್ಳಿನ ಸರ, ಬಳೆ, ಕಿರೀಟ ತೊಡಿಸಿ, ತಲೆಯ ಮೇಲೆ ಬಾರಿಹಣ್ಣು ಎರೆದು, ಐವತ್ತೊಂದು ಜನ ಮುತ್ತೈದೆಯರಿಗೆ ಅರಿಷಿಣ ಕುಂಕುಮ ಕೊಡಬೇಕೆಂದು ಅತ್ತೆಯವರು ನಿಶ್ಚಯ ಮಾಡಿದರು. ಬಂದವರಿಗೆ ಕುಸುರೆಳ್ಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೊಡುವುದು ನನಗೆ ಸರಿಬರಲಿಲ್ಲ. ಚಂಚಿಯಲ್ಲಿ ಕೊಟ್ಟರೆ ಹೇಗೆ ಎಂದು ಹೊಳೆದದ್ದು ನನಗೇ. ಹೊಳೆದ ಮರುಗಳಿಗೆ ಎದುರು ಮನೆಯ ಚಾಚಿಯ ನೆನಪಾಯಿತು.

ಚಾಚಿ ಕ್ರೋಶಾ ಟೋಪಿ ಹಾಕುತ್ತಿದ್ದರು, ನಮಾಜಿಗೆ ಹೋಗುವವರು ತಲೆಗೆ ಇಡುವ ಬಿಳಿ ಟೋಪಿ. ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ದಾರ ಕೊಟ್ಟು ಟೋಪಿ ಒಯ್ಯುತ್ತಿದ್ದ. ಬಾಗಿಲ ಹೊಸ್ತಿಲಲ್ಲಿ ಕೂತು, ದಾರಿಯಲ್ಲಿ ಹೋಗಿಬರುವವರ ಜೊತೆ ಮಾತಾಡುತ್ತ, ಒಲೆಯ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟು ಹೆಣೆಯುತ್ತಿದ್ದರು. ಕೈಯ ಕಡೆ ನೋಡುತ್ತಲೇ ಇರಲಿಲ್ಲ. ಅದನ್ನು ನೋಡಿದವರಿಗೆ ಅದು ಕೆಲಸ ಎಂದೇ ಅನಿಸುತ್ತಿರಲಿಲ್ಲ. ನನಗೂ ಅನಿಸಿರಲಿಲ್ಲ.

"ಚಾಚಿ, ಹೆಂಗೂ ಕುಂತಲ್ಲೇ ಹೆಣೀತೀರಿ. ಕೂಸಿನ ಹಬ್ಬಕ್ಕ ಒಂದು ಐವತ್ತೊಂದು ಚಂಚಿ ಹಾಕಿಕೊಡ್ರೆಲ" ಅಂದೆ.

ಚಾಚಿ ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದರು. "ಐವತ್ತೊಂದು?" ಅಂದರು. ಆಮೇಲೆ, "ಹಾಕೂಣು ತಗೋರಿ, ಅಕ್ಕೋರ" ಅಂದರು.

ದುರ್ಗದಬೈಲಿನಿಂದ ಬಣ್ಣದ ದಾರ ತರಿಸಿಕೊಟ್ಟೆ. ಹಬ್ಬದ ಹಿಂದಿನ ದಿನ ಚಾಚಿ ಮರದ ತುಂಬ ಚಂಚಿ ತಂದಿಟ್ಟರು. ಕೆಂಪು, ಹಸಿರು, ಹಳದಿ. ಒಂದರ ಬಾಯಿಯೂ ಓರೆಯಾಗಿರಲಿಲ್ಲ. ಬಂದ ಹೆಂಗಸರು ಕುಸುರೆಳ್ಳನ್ನು ಬಿಟ್ಟು ಚಂಚಿಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಹೊಗಳಿಕೆ ಎಲ್ಲ ನನ್ನ ಪಾಲಿಗೆ ಬಂತು, ನಾನು ತೆಗೆದುಕೊಂಡೆ. ಎರಡು ಮೂರು ದಿನ ಹಿಂದಷ್ಟೇ ರಂಜಾನ್ ತಿಂಗಳು ಹಿಡಿದಿತ್ತು. ಚಾಚಿಗೆ ರೋಜಾ. ಸಂಜೆ ರೋಜಾ ಬಿಟ್ಟ ಮೇಲೆ ತಿನ್ನಲಿ ಎಂದು ಅವರ ಪಾಲಿನ ಎಳ್ಳು ಬೆಲ್ಲ ಒಯ್ದುಕೊಟ್ಟು, ಜೊತೆಗೆ ಒಂದು ತೆಂಗಿನಕಾಯಿ, ಗುಳೇದಗುಡ್ಡದ ಒಂದು ಕಣ ಇಟ್ಟೆ. ಚಾಚಿ ಕಣದ ಕುಬಸ ತೊಟ್ಟದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಆದರೂ ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು.

ಚಾಚಿಯ ಮಗಳು ನಮ್ಮ ಶಾಲೆಯಲ್ಲಿ, ನನ್ನದೇ ನಾಲ್ಕನೆಯ ತರಗತಿಯಲ್ಲಿದ್ದಳು. ಹಬ್ಬ ಮುಗಿದ ವಾರ ಲೆಕ್ಕದ ನೋಟ್‌ಬುಕ್ ತಂದಿರಲಿಲ್ಲ. ಹಳೆಯದು ತುಂಬಿ ಹೋಗಿತ್ತು, ಹೊಸದು ಕೊಂಡಿಲ್ಲ. ಮೂರನೆಯ ದಿನವೂ ಅದೇ ಕಥೆ. ಎಲ್ಲರೆದುರು ನಿಲ್ಲಿಸಿ ಯಾಕೆಂದು ಕೇಳಿದೆ, ಸ್ವಲ್ಪ ಜೋರಾಗಿಯೇ. ಹುಡುಗಿ ತಲೆ ತಗ್ಗಿಸಲಿಲ್ಲ, ಅಳಲಿಲ್ಲ. ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದಳು.

"ಅಮ್ಮಿ ಈ ಸಲ ಟೋಪಿ ಕೊಟ್ಟಿಲ್ರಿ. ನಿಮ್ಮ ಚಂಚಿ ಹಾಕ್ಯಾಳ್ರಿ."

ಆಮೇಲೆ ಒಂದೊಂದೇ ತಿಳಿಯಿತು. ಇಡೀ ವರ್ಷದಲ್ಲಿ ಟೋಪಿಗೆ ಬೇಡಿಕೆ ಇರುವುದು ರಂಜಾನಿನ ಮುಂಚಿನ ದಿನಗಳಲ್ಲಿ. ಆ ದಿನಗಳಲ್ಲೇ ಚಾಚಿ ನನ್ನ ಚಂಚಿ ಹಾಕಿದ್ದರು. ಹೊತ್ತಿಗೆ ಟೋಪಿ ಸಿಗದೆ ವ್ಯಾಪಾರಿ ಬೇರೆಯವರಿಗೆ ದಾರ ಕೊಟ್ಟಿದ್ದ. ಒಂದು ಟೋಪಿಗೆ ಆರು ರೂಪಾಯಿ ಬರುತ್ತಿತ್ತಂತೆ.

ಮನೆಗೆ ಬಂದು ಹೇಳಿದೆ. "ರೊಕ್ಕಾ ಕೊಟ್ಟರ ಆತು" ಅಂದರು ಯಜಮಾನರು. "ನೆರಿಹೊರಿಯಾಗ ರೊಕ್ಕದ ಮಾತು ತಂದ್ರ ಚಂದ ಕಾಣೂದುಲ್ಲವಾ, ಆಕಿ ಪ್ರೀತೀಲೆ ಮಾಡ್ಯಾಳ" ಅಂದರು ಅತ್ತೆಯವರು. ಎರಡರಲ್ಲಿ ನನಗೆ ಅನುಕೂಲವಾದ ಮಾತು ಎರಡನೆಯದು. ಅದನ್ನೇ ಹಿಡಿದುಕೊಂಡೆ. ಹುಡುಗಿಗೆ ಎರಡು ನೋಟ್‌ಬುಕ್ ಕೊಡಿಸಿ ಸುಮ್ಮನಾದೆ. ಸುಮ್ಮನಾದೆ ಅಂದರೆ ಬಾಯಿ ಸುಮ್ಮನಾಯಿತು, ಅಷ್ಟೇ. ಎದುರು ಬಾಗಿಲು ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತಿತ್ತು.

ಕ್ರೋಶೆ ಎಂಬ ಮಾತಿಗೆ ಫ್ರೆಂಚಿನಲ್ಲಿ ಸಣ್ಣ ಕೊಕ್ಕೆ ಎಂದರ್ಥ. ಐರ್ಲೆಂಡಿನಲ್ಲಿ 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಎಷ್ಟೋ ಮನೆಗಳಿಗೆ ಹೆಂಗಸರ ಕೈಯ ಈ ಕೊಕ್ಕೆಯೇ ಹಿಟ್ಟು ತಂದುಕೊಟ್ಟಿತು. ನಮ್ಮ ನೆರೆಯ ಆಂಧ್ರದ ನರಸಾಪುರದಲ್ಲಿ ಮಿಷನರಿಗಳು ಕಲಿಸಿದ ಲೇಸು ಗೋದಾವರಿ ತೀರದ ಊರೂರಿಗೆ ಹಬ್ಬಿತು. ಮರಿಯಾ ಮೀಸ್ ಎಂಬ ಜರ್ಮನಿಯ ಸಮಾಜಶಾಸ್ತ್ರಜ್ಞೆ ಆ ಹೆಂಗಸರನ್ನು ಕುರಿತು 1982ರಲ್ಲಿ ಒಂದು ಪುಸ್ತಕ ಬರೆದರು. ಮನೆಯಲ್ಲಿ ಕೂತು ಹೆಣೆಯುವವಳನ್ನು ಗೃಹಿಣಿ ಎಂದೂ, ಅವಳ ದುಡಿಮೆಯನ್ನು ಬಿಡುವಿನ ಹೊತ್ತಿನ ಕೆಲಸ ಎಂದೂ ಕರೆದುಬಿಟ್ಟರೆ ಕೂಲಿಯನ್ನು ಎಷ್ಟು ಕೆಳಗೆ ಬೇಕಾದರೂ ಇಳಿಸಬಹುದು, ಆ ಲೇಸು ಮಾತ್ರ ಸಮುದ್ರ ದಾಟಿ ಹೋಗುತ್ತದೆ, ಎಂಬುದು ಅದರ ತಿರುಳು. ಇದನ್ನು ನಾನು ಓದಿ ತಿಳಿದದ್ದು ಬಹಳ ವರ್ಷದ ಮೇಲೆ. ಓದುವಾಗ ಕಿವಿಯಲ್ಲಿ ಕೇಳಿಸಿದ್ದು ನನ್ನದೇ ದನಿ: ಹೆಂಗೂ ಕುಂತಲ್ಲೇ ಹೆಣೀತೀರಿ.

ಆ ವರ್ಷ ದೀಪಾವಳಿಯ ಸೂಟಿಯಲ್ಲಿ ಚಾಚಿಯ ಹೊಸ್ತಿಲಿಗೆ ಹೋಗಿ, "ನನಗೂ ಕಲಸ್ರಿ" ಅಂದೆ. ಅವರು ನಕ್ಕು ಒಂದು ಸೂಜಿ ಕೊಟ್ಟರು.

ನಮ್ಮ ಕಡೆ ಈ ಹೆಣಿಕೆಗೆ ಇರುವುದು ಎರಡೇ ಮಾತು, ಸರಪಳಿ ಮತ್ತು ಕಂಬ. ಸೂಜಿಯ ಕೊಕ್ಕೆಯಿಂದ ಕುಣಿಕೆಯೊಳಗೆ ಕುಣಿಕೆ ಎಳೆದರೆ ಸರಪಳಿ. ದಾರವನ್ನು ಸೂಜಿಗೆ ಒಂದು ಸುತ್ತು ಹಾಕಿಕೊಂಡು ನಿಲ್ಲಿಸಿದರೆ ಕಂಬ. ನಡುವಿನ ಉಂಗುರದಲ್ಲಿ ಹನ್ನೆರಡು ಕಂಬ. ಎರಡನೆಯ ಸುತ್ತಿಗೆ ಇಪ್ಪತ್ನಾಲ್ಕು. ಹೀಗೆ ಸುತ್ತಿಗೆ ಹನ್ನೆರಡರಂತೆ ಏರಿಸುತ್ತ ಹೋದರೆ ಹೆಣಿಕೆ ರೊಟ್ಟಿಯ ಹಾಗೆ ಚಪ್ಪಟೆಯಾಗಿ ಹರಡುತ್ತದೆ. ಏರಿಸುವುದನ್ನು ಮರೆತರೆ ಬಟ್ಟಲಾಗುತ್ತದೆ, ಹೆಚ್ಚು ಏರಿಸಿದರೆ ಅಂಚು ಎಲೆಕೋಸಿನ ಹಾಗೆ ಮುದುಡುತ್ತದೆ. ಐದನೆಯ ಸುತ್ತಿಗೆ ಅರವತ್ತು.

"ಗುಡಿ ಬಂತು, ನಿಂದರ್ರಿ" ಅಂದರು ಚಾಚಿ.

ನಮ್ಮ ಕೋಟೆಯೊಳಗಿನ ನಗರೇಶ್ವರ ಗುಡಿಗೆ ಊರವರು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಚಾಲುಕ್ಯರ ಕಾಲದ್ದು, ತಿರುಗಣಿಯಲ್ಲಿ ಕಡೆದಂತೆ ನುಣುಪಾದ ಕಂಬಗಳು. ಶಾಲೆಯ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಎಣಿಸಲು ಹಚ್ಚುತ್ತಿದ್ದೆ, ಒಬ್ಬೊಬ್ಬರದು ಒಂದೊಂದು ಲೆಕ್ಕ ಬರುತ್ತಿತ್ತು. ಕೋಟೆಯ ಗಿಡಗಂಟಿಗಳಲ್ಲಿ ಆಗಲೂ ನವಿಲು ತುಂಬಿದ್ದವು. ಸರ್ಕಾರ ಅದನ್ನು ನವಿಲುಧಾಮ ಎಂದು ಸಾರಿದ್ದು 2006ರಲ್ಲಿ. ಚಾಚಿ ಶಾಲೆಗೆ ಹೋದವರಲ್ಲ. ಅವರ ಲೆಕ್ಕದಲ್ಲಿ ಅರವತ್ತಕ್ಕೆ ಗುಡಿ. ಗುಡಿಗೆ ಬಂದು ಏರಿಸುವುದನ್ನು ನಿಲ್ಲಿಸಿ, ಕಂಬದ ಮೇಲೆ ಕಂಬ ಇಡುತ್ತ ಹೋದರೆ ಗೋಡೆ ಏಳುತ್ತದೆ, ಚಂಚಿಯಾಗುತ್ತದೆ. ನಿಲ್ಲಿಸದೆ ಇನ್ನೂ ಮೂರು ನಾಲ್ಕು ಸುತ್ತು ಏರಿಸಿ ಆಮೇಲೆ ಗೋಡೆ ಎಬ್ಬಿಸಿದರೆ ಟೋಪಿ. ಎರಡಕ್ಕೂ ಅಡಿಪಾಯ ಒಂದೇ. ಇದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಸಂತೋಷ ಆಗುವುದು ಸುಲಭ, ಕೈ ಕೂಡುವುದು ಸುಲಭವಲ್ಲ. ಚಾಚಿ ಎರಡು ತಾಸಿನಲ್ಲಿ ಹಾಕುವ ಒಂದು ಚಂಚಿ ನನಗೆ ಐದು ಸಂಜೆ ಹಿಡಿಯಿತು. ತೋರುಬೆರಳು ದಾರ ಉಜ್ಜಿ ಸೀಳಿತು. ಕುತ್ತಿಗೆ ಹಿಡಿಯಿತು. ಸೀಳಿದ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ ಮನಸ್ಸಿನಲ್ಲೇ ಐವತ್ತೊಂದನ್ನು ಎರಡು ತಾಸಿನಿಂದ ಗುಣಿಸಿದೆ. ನೂರಾ ಎರಡು ತಾಸು. ಪ್ರೀತಿಯಿಂದ ಮಾಡಿದ್ದು ಎಂದು ನಾವು ಹೆಸರಿಟ್ಟ ನೂರಾ ಎರಡು ತಾಸು.

1998ರ ಸಂಕ್ರಾಂತಿಯೂ ರಂಜಾನ್ ತಿಂಗಳಲ್ಲೇ ಬಂತು. ಸಂಜೆ ಅವರು ರೋಜಾ ಬಿಡುವ ಹೊತ್ತು ಕಳೆದ ಮೇಲೆ, ನಾನೇ ಹಾಕಿದ ಕೆಂಪು ಚಂಚಿಯಲ್ಲಿ ಕುಸುರೆಳ್ಳು ತುಂಬಿ, ಮೇಲೆ ನೂರರ ಎರಡು ನೋಟು ಮಡಚಿಟ್ಟು ಒಯ್ದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ದಾರಿ ಅಂದರೆ ಇಪ್ಪತ್ತು ಹೆಜ್ಜೆ. "ಚಾಚಿ, ಹೋದ ವರ್ಷದ್ದು..." ಅಂದೆ, ಮುಂದೆ ಮಾತು ಬರಲಿಲ್ಲ.

ಚಾಚಿ ಲಾಡಿ ಬಿಚ್ಚಿ ನೋಟು ತೆಗೆದರು. ನಾನು ಅಂದುಕೊಂಡದ್ದು, ಬೇಡ ಬೇಡ ಎನ್ನುತ್ತಾರೆ, ನಾನು ಒತ್ತಾಯ ಮಾಡಬೇಕಾಗುತ್ತದೆ ಎಂದು. ಹಾಗೇನೂ ಆಗಲಿಲ್ಲ.

"ಚಂಚಿಗೆ ಮೂರು ರೂಪಾಯಿ ಅಂದ್ರ ನೂರಾ ಐವತ್ಮೂರು ಆಕ್ಕಾವ" ಅಂದರು. ಒಂದು ಗಳಿಗೆಯೂ ಯೋಚಿಸಲಿಲ್ಲ. ವರ್ಷದಿಂದ ಆ ಮೊತ್ತ ಅವರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಒಳಗೆ ಹೋಗಿ ಡಬ್ಬಿಯಿಂದ ಚಿಲ್ಲರೆ ತಂದು ನಲವತ್ತೇಳು ರೂಪಾಯಿ ನನ್ನ ಕೈಗೆ ಎಣಿಸಿದರು. ನನಗೆ ನಾಚಿಕೆಯೂ ಆಯಿತು, ಎದೆಯ ಮೇಲಿನ ಕಲ್ಲು ಇಳಿದ ಹಾಗೂ ಆಯಿತು.

ಆಮೇಲೆ ಚಂಚಿಯನ್ನು ದೀಪದ ಬೆಳಕಿಗೆ ಹಿಡಿದು ಸಣ್ಣಗೆ ಅಲ್ಲಾಡಿಸಿದರು. ಅಡಿಯಿಂದ ನಾಲ್ಕೈದು ಎಳ್ಳು ಟಪಟಪ ಉದುರಿದವು.

"ರೊಕ್ಕಾ ಬರೋಬ್ಬರಿ ಐತಿ. ಚಂಚಿ ಬರೋಬ್ಬರಿ ಇಲ್ಲ. ಎಳ್ಳು ಸೋರತಾವ."

ಕುಸುರೆಳ್ಳನ್ನು ಬಟ್ಟಲಿಗೆ ಸುರಿದುಕೊಂಡು, ದಾರದ ಕಟ್ಟಕಡೆಯ ಗಂಟು ಹುಡುಕಿ ಬಿಚ್ಚಿ ಎಳೆದರು. ಕ್ರೋಶಾದ ಗುಣವೇ ಹಾಗೆ, ಒಂದು ತುದಿ ಸಿಕ್ಕರೆ ಸಾಕು. ನನ್ನ ಐದು ಸಂಜೆ ಒಂದು ನಿಮಿಷದಲ್ಲಿ ಅವರ ಮಡಿಲಲ್ಲಿ ಗುಂಗುರು ದಾರವಾಗಿ ಬಿದ್ದಿತ್ತು. ಅದನ್ನು ಉಂಡೆ ಸುತ್ತಿ ನನ್ನ ಕೈಗಿಟ್ಟು, "ನಾಳಿ ಸಂಜಿಕೆ ಬರ್ರಿ" ಅಂದರು.

ಅಂದಿನಿಂದ ಪ್ರತಿ ಸಂಕ್ರಾಂತಿಗೆ ಒಂದು ಚಂಚಿ ಆ ಹೊಸ್ತಿಲಿಗೆ ಹೋಗುತ್ತದೆ. ಈಗ ಬಣ್ಣದ ಜಾಳಿಗೆ ಚೀಲಗಳು ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತವೆ; ಉಳಿದವರಿಗೆ ನಾನೂ ಅದರಲ್ಲೇ ಕೊಡುತ್ತೇನೆ, ಸುಳ್ಳೇಕೆ. ಚಾಚಿಯ ಮಗಳು ರಾಣೆಬೆನ್ನೂರಿನಲ್ಲಿದ್ದಾಳೆ, ಅವಳ ಮಕ್ಕಳೇ ಹೈಸ್ಕೂಲು ದಾಟಿದ್ದಾರೆ. ಚಾಚಿಗೆ ಎರಡೂ ಕಣ್ಣಿನ ಪೊರೆ ತೆಗೆಸಿ ಆಗಿದೆ, ಟೋಪಿ ಹಾಕುವುದು ನಿಂತು ಎಷ್ಟೋ ವರ್ಷವಾಯಿತು. ಚಂಚಿ ಕೊಟ್ಟರೆ ಕಣ್ಣಿಗೆ ಹಿಡಿಯುವುದಿಲ್ಲ. ತಿರುವಿ ಹಾಕಿ, ಐದನೆಯ ಸುತ್ತಿನ ಮೇಲೆ ಹೆಬ್ಬೆರಳು ಇಟ್ಟು ಜಪ ಮಾಡುವವರ ಹಾಗೆ ನಿಧಾನಕ್ಕೆ ಸರಿಸುತ್ತ ಹೋಗುತ್ತಾರೆ.

ಹೋದ ಜನವರಿಯಲ್ಲಿ ಹಾಗೆ ಸರಿಸಿ ಮುಗಿಸಿ, "ಐವತ್ತೊಂಬತ್ತು ಅದಾವ ನೋಡ್ರಿ" ಅಂದರು.

ಇಲ್ಲವೇ ಇಲ್ಲ ಎಂದು ಕನ್ನಡಕ ಹಾಕಿಕೊಂಡು ದೀಪದ ಕೆಳಗೆ ಎರಡು ಸಲ ಎಣಿಸಿದೆ. ಐವತ್ತೊಂಬತ್ತೇ ಇದ್ದವು.