ಕೂಕಟ್‌ಪಲ್ಲಿಯಲ್ಲಿ ಒಂದು ಮಣೆ

ಹೈದರಾಬಾದಿನಲ್ಲಿ ನೆಲಸಿದ ಕನ್ನಡಿಗರಿಗೆ ಕಾಚಿಗುಡವೆಂದರೆ ತವರಿದ್ದಂತೆ. ಕರ್ನಾಟಕ ಸಾಹಿತ್ಯ ಮಂದಿರದ ಹೆಸರು ಹೇಳಿದರೆ ಸಾಕು, ನಾಲ್ಕು ಜನ ಪರಿಚಯದವರು ಸಿಕ್ಕುತ್ತಾರೆ. ಆದರೆ ನಾವು ಕೂಕಟ್‌ಪಲ್ಲಿಯವರು ಎಂದೊಡನೆ ಅವರೇ, “ಅಷ್ಟು ದೂರವೇ? ಅಲ್ಲೇನಿದೆ ಮಹಾ?” ಎಂದು ಕೇಳುತ್ತಾರೆ. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ನಮ್ಮಲ್ಲಿ ಕೋಟೆಯಿಲ್ಲ, ಮಿನಾರಿಲ್ಲ. ಇರುವುದು ಗೃಹಮಂಡಳಿಯ ದೊಡ್ಡದೊಂದು ಕಾಲೊನಿ, ತಾಂತ್ರಿಕ ವಿಶ್ವವಿದ್ಯಾಲಯ, ನೆತ್ತಿಯ ಮೇಲೆ 2017ರ ನವೆಂಬರಿನಿಂದ ಓಡುತ್ತಿರುವ ಮೆಟ್ರೊ ರೈಲು, ಅದರ ಕೆಳಗೆ ಹಗಲಿರುಳೆನ್ನದೆ ಹರಿಯುವ ಮುಂಬಯಿ ರಸ್ತೆ.

ಆ ಮುಂಬಯಿ ರಸ್ತೆಯೇ ನಮ್ಮ ಭಾಗ್ಯ. ಉಳಿದವರಿಗೆ ಅದು ಮುಂಬಯಿಗೆ ಹೋಗುತ್ತದೆ, ನಮಗೆ ಹುಮನಾಬಾದಿಗೆ ಹೋಗುತ್ತದೆ. ಮನೆಯ ಗಲ್ಲಿಯಿಂದ ಹೊರಬಿದ್ದು ಪಶ್ಚಿಮಕ್ಕೆ ಮುಖಮಾಡಿದರೆ ಮಿಯಾಪುರ, ಪಟಾನ್‌ಚೆರು, ಸದಾಶಿವಪೇಟೆ, ಜಹೀರಾಬಾದು. ಆಮೇಲೆ ಗಡಿ ದಾಟಿ ಬೀದರ ಜಿಲ್ಲೆ. ಒಟ್ಟು ಸುಮಾರು 150 ಕಿಲೊಮೀಟರು. 1956ರ ನವೆಂಬರಿಗೆ ಮುಂಚೆ ಬೀದರವೂ ಹೈದರಾಬಾದು ಸಂಸ್ಥಾನದಲ್ಲೇ ಇದ್ದುದರಿಂದ ನಮ್ಮ ಅಜ್ಜನವರಿಗೆ ಈ ಪಟ್ಟಣ ಪರದೇಶವೇ ಆಗಿರಲಿಲ್ಲ, ರಾಜಧಾನಿಯಾಗಿತ್ತು. ನಾವು ವಲಸೆ ಬಂದವರೋ ಅಥವಾ ಗಡಿಯೇ ನಮ್ಮನ್ನು ದಾಟಿ ಆಚೆಗೆ ಹೋಯಿತೋ ಎಂಬ ತರ್ಕವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ.

ನಾವು ಎಂದರೆ ಗಂಡ ಹೆಂಡತಿ ಇಬ್ಬರು, ಜೊತೆಗೊಂದು ಬುಲೆಟ್ ಮೋಟಾರ್ ಸೈಕಲ್ಲು. ನಮ್ಮಲ್ಲಿ ಗಾಡಿ ನಡೆಸುವವರು ಒಬ್ಬರು, ದಾರಿ ಹೇಳುವವರು ಇನ್ನೊಬ್ಬರು. ಊರಿನಲ್ಲಿ ನಮ್ಮವ್ವ ಇದ್ದಾಳೆ, ತಮ್ಮನ ಸಂಸಾರವಿದೆ. ತಿಂಗಳಿಗೊಮ್ಮೆಯಾದರೂ ಹೋಗಿಬರುವುದು ರೂಢಿ.

ಹೋದ ಮಳೆಗಾಲದ ಒಂದು ಬೆಳಗು ತಮ್ಮನ ಕರೆ ಬಂತು: ಅವ್ವ ಬಚ್ಚಲಲ್ಲಿ ಜಾರಿಬಿದ್ದಿದ್ದಾಳೆ, ಸೊಂಟಕ್ಕೆ ಪೆಟ್ಟಾಗಿದೆ. ನಾವು ಉಟ್ಟ ಬಟ್ಟೆಯಲ್ಲೇ ಹೊರಟೆವು. ಹ್ಯಾಂಡಲಿಗೆ ಸಿಕ್ಕಿಸುವ ಪ್ಲಾಸ್ಟಿಕ್ಕಿನ ಹಿಡಿಕೆಯಲ್ಲಿ ಒಂದು ಮೊಬೈಲು ಇತ್ತು. ಇನ್ನೊಂದು ಚೀಲದಲ್ಲಿತ್ತು, ರಾತ್ರಿ ಅದಕ್ಕೆ ಚಾರ್ಜು ಹಾಕಲು ಮರೆತಿದ್ದೆವು. ಸದಾಶಿವಪೇಟೆ ದಾಟಿದ ಮೇಲೆ ಒಂದು ಗುಂಡಿಗೆ ಗಾಡಿ ಇಳಿಯಿತು. ಹಿಡಿಕೆ ಬಾಯಿ ತೆರೆಯಿತು. ಮೊಬೈಲು ಹಾರಿ ರಸ್ತೆಯ ಮೇಲೆ ಬಿತ್ತು, ಹಿಂದಿನ ಲಾರಿ ಅದರ ಮೇಲೆ ಹಾದುಹೋಯಿತು. ಲಾರಿಯ ಕೆಳಗೆ ಹೋದದ್ದು ಮೊಬೈಲು ಮಾತ್ರ ಎಂದು ದೇವರನ್ನು ನೆನೆದು ಮುಂದೆ ಸಾಗಿದೆವು.

ಅನಾಹುತ ಅಲ್ಲಿಗೆ ಮುಗಿಯಲಿಲ್ಲ. ಆ ಹೊತ್ತಿಗೆ ಹುಮನಾಬಾದಿನ ವೈದ್ಯರು ಅವ್ವನನ್ನು ಬೀದರಕ್ಕೆ ಕರೆದೊಯ್ಯಿರೆಂದು ಹೇಳಿದ್ದರು. ತಮ್ಮ ಅದನ್ನು ತಿಳಿಸಲು ಎರಡೂ ನಂಬರಿಗೆ ಕರೆಮಾಡುತ್ತಲೇ ಇದ್ದನಂತೆ. ಒಂದು ಪುಡಿಯಾಗಿತ್ತು, ಇನ್ನೊಂದು ಸತ್ತಿತ್ತು. ಜಹೀರಾಬಾದಿನಲ್ಲಿ ಬಲಕ್ಕೆ ತಿರುಗಿದ್ದರೆ ಬೀದರ ಅಲ್ಲಿಂದ ಸುಮಾರು 30 ಕಿಲೊಮೀಟರು. ನಾವು ನೇರವಾಗಿ ಹುಮನಾಬಾದಿಗೆ ಹೋಗಿ, ಬೀಗ ಹಾಕಿದ ಬಾಗಿಲು ನೋಡಿ, ನೆರೆಯವರಿಂದ ಸುದ್ದಿ ತಿಳಿದು, ಮತ್ತೆ 50 ಕಿಲೊಮೀಟರು ಬೀದರಕ್ಕೆ ಓಡಿದೆವು. ನಾವು ತಲಪಿದಾಗ ಅವ್ವನಿಗೆ ಪಟ್ಟಿ ಕಟ್ಟಿ ಮಲಗಿಸಿದ್ದರು. ಮೂಳೆ ಮುರಿದಿರಲಿಲ್ಲ. ಆಕೆ ಬೈಯಲಿಲ್ಲ. “ಎಷ್ಟ ಕರದ್ರೂ ಓ ಅನಲಿಲ್ಲಲ್ಲೋ” ಎಂದಳು, ಅಷ್ಟೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹಿಂತಿರುಗಿ ಬಂದ ಮೇಲೆ ಗಾಡಿಯ ಮುಂದುಗಡೆಗೆ ಭದ್ರವಾದ ಒಂದು ಹಲಗೆ ಮಾಡಿಸಬೇಕೆಂದು ನಿಶ್ಚಯಿಸಿದೆವು. ಅದರ ಮೇಲೆ ಮೊಬೈಲು ಅಲುಗದೆ ಕೂರಬೇಕು, ಚಾರ್ಜಿಗೆ ಒಂದು ಸಾಕೆಟ್ ಇರಬೇಕು, ರಸ್ತೆಯನ್ನು ಚಿತ್ರಿಸುವ ಸಣ್ಣ ಕ್ಯಾಮೆರಾಕ್ಕೂ ಜಾಗವಿರಬೇಕು. “ದೇವರಿಗೆ ಮಣೆ ಹಾಕಿದಂತಾಯಿತು” ಎಂದರು ನಮ್ಮಲ್ಲಿ ದಾರಿ ಹೇಳುವವರು. ಅಂದಿನಿಂದ ಅದಕ್ಕೆ ಮಣೆಯೆಂದೇ ಹೆಸರಾಯಿತು.

ಈ ಕೆಲಸಕ್ಕೆ ಕೂಕಟ್‌ಪಲ್ಲಿಗಿಂತ ತಕ್ಕ ಊರು ಇನ್ನೊಂದಿಲ್ಲವೆಂಬುದು ನಮಗೆ ತಿಳಿದದ್ದು ಆಗಲೇ. ಇತ್ತ ಬಾಲಾನಗರ, ಅತ್ತ ಸನತ್‌ನಗರ, ನಡುವೆ ಮೂಸಾಪೇಟೆ, ಪ್ರಶಾಂತನಗರ. ಎತ್ತ ನೋಡಿದರೂ ಕಬ್ಬಿಣದ ಸದ್ದು. 1942ರಲ್ಲಿ ಆರಂಭವಾದ ಆಲ್ವಿನ್ ಕಾರ್ಖಾನೆ ಶೀತಕಪೆಟ್ಟಿಗೆಗಳನ್ನೂ ಬಸ್ಸಿನ ಒಡಲುಗಳನ್ನೂ ಮಾಡುತ್ತಿತ್ತು. ಮುಂದೆ ‘ಪುಷ್ಪಕ್’ ಎಂಬ ಸ್ಕೂಟರಿಗೂ ಆಲ್ವಿನ್ನಿನ ಹೆಸರೇ ಬಂತು. 1968ರಲ್ಲಿ ಬಾಲಾನಗರದಲ್ಲಿ ಭಾರತ ಸರ್ಕಾರದ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆ ಹುಟ್ಟಿತು; ಅಚ್ಚು, ಸಾಧನಗಳನ್ನು ರೂಪಿಸುವ ವಿದ್ಯೆ ಅಲ್ಲಿ ಇಂದಿಗೂ ನಡೆದಿದೆ. ಆಲ್ವಿನ್ ಈಗ ಇಲ್ಲ. ಆದರೆ ದೊಡ್ಡ ಮರ ಬಿದ್ದರೂ ಅದರ ಬೀಜ ಸುತ್ತಮುತ್ತ ಮೊಳೆಯುವಂತೆ, ಒಂದು ಲೇತು, ಒಂದು ಬೆಂಡಿಂಗ್ ಮಷೀನು, ಇಬ್ಬರು ಹುಡುಗರು ಇಷ್ಟೇ ಬಂಡವಾಳದ ಸಣ್ಣ ಶೆಡ್ಡುಗಳು ಸಾಲುಸಾಲಾಗಿ ಇವೆ.

ಮೊದಲು ಮನೆಯಲ್ಲಿಯೇ ನಕ್ಷೆ ತಯಾರಿಸಿದೆವು. ಮಿಠಾಯಿ ಡಬ್ಬಿಯ ರಟ್ಟು, ಕತ್ತರಿ, ಮಕ್ಕಳ ಅಳತೆಪಟ್ಟಿ ಇವಿಷ್ಟೇ ಸಲಕರಣೆ. ಒಬ್ಬರು ಗಾಡಿಯ ಮೇಲೆ ಕೂತು ಎಂದಿನಂತೆ ರಸ್ತೆ ನೋಡುವುದು, ಇನ್ನೊಬ್ಬರು ರಟ್ಟನ್ನು ಹಿಡಿದು ಹಿಂದೆ ಮುಂದೆ ಸರಿಸುವುದು. ಮೊಬೈಲು ನೋಡಲು ತಲೆ ತಗ್ಗಿಸುವಂತಿರಬಾರದು, ಕಣ್ಣು ಮಾತ್ರ ಇಳಿಯಬೇಕು. ವೇಗಮಾಪಕ ಮುಚ್ಚಬಾರದು. ಬೀಗದ ಕೈ ತಿರುಗಿಸಲು ಬೆರಳು ಹೋಗಬೇಕು. ನಾಲ್ಕು ಡಬ್ಬಿ ಹಾಳಾದ ಮೇಲೆ 24 ಸೆಂಟಿಮೀಟರು ಉದ್ದ, 11 ಸೆಂಟಿಮೀಟರು ಅಗಲದ ಒಂದು ಆಕಾರ ನಿಂತಿತು. ಅದನ್ನು ಹಿಡಿದು ಪ್ರಶಾಂತನಗರದ ಕಡೆಗೆ ಹೊರಟೆವು.

ಶೆಡ್ಡಿನ ಮಿಸ್ತ್ರಿ ರಟ್ಟನ್ನು ತಿರುಗಿಸಿ ನೋಡಿ ತೆಲುಗಿನಲ್ಲಿ ಎರಡು ಪ್ರಶ್ನೆ ಕೇಳಿದ. ನಾವು ಉತ್ತರ ಕೊಡುವ ಮೊದಲು ನಮ್ಮೊಳಗೇ, “ಕಬ್ಬಿಣದ್ದೇ ಇರಲಿ, ಗಟ್ಟಿ” “ಬೇಡ, ತುಕ್ಕು ಹಿಡಿಯುತ್ತದೆ” ಎಂದು ಚರ್ಚೆಗಿಳಿದೆವು. ಮಿಸ್ತ್ರಿ ಕನ್ನಡಕ ಮೇಲೇರಿಸಿ, “ನೀವು ಬೀದರ ಕಡೆಯವರೇನ್ರಿ?” ಎಂದ. ಅವನ ಊರು ಜಹೀರಾಬಾದಿನ ಹತ್ತಿರ, ತಾಯಿಯ ತವರು ಬೀದರ. ಸರಿ, ಸ್ಟೂಲು ಬಂತು, ಚಹಾ ಬಂತು. ಹೊರನಾಡಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಗುವ ಸುಖವನ್ನು ಓದುಗರಿಗೆ ನಾವು ಹೇಳಬೇಕಾದ್ದಿಲ್ಲ.

ನಮ್ಮ ಚರ್ಚೆಯನ್ನು ಅವನೇ ತೀರ್ಮಾನಿಸಿದ. 3 ಮಿಲಿಮೀಟರು ದಪ್ಪದ ಉಕ್ಕಿನ ತಗಡಾದರೆ ಈ ಅಳತೆಗೆ 600 ಗ್ರಾಮಿಗೂ ಮೇಲೆ ತೂಗುತ್ತದೆ. ಅದೇ ಅಲ್ಯೂಮಿನಿಯಮ್ಮಾದರೆ 215 ಗ್ರಾಮಿನ ಆಸುಪಾಸು. ಹ್ಯಾಂಡಲಿನ ಮೇಲೆ ಭಾರ ಹೆಚ್ಚಿದಷ್ಟೂ ತಿರುವಿನಲ್ಲಿ ಕೈಗೆ ಜಡ. ಅಕ್ರಿಲಿಕ್ ಹಲಗೆ ನೋಡಲು ಚೆಂದ, ಆದರೆ ಅದುರಿ ಅದುರಿ ಬೋಲ್ಟಿನ ತೂತಿನಿಂದ ಬಿರುಕು ಬಿಡುತ್ತದೆ. ಅಲ್ಯೂಮಿನಿಯಮ್ಮಿನಲ್ಲಿಯೂ ಜಾತಿಗಳುಂಟು: 6061 ಎಂಬುದನ್ನು ಗಡಸು ಮಾಡಿದ ಮೇಲೆ ಚೂಪಾಗಿ ಮಡಿಚಿದರೆ ಸೀಳುತ್ತದೆ, 5052 ಎಂಬುದು ಹೇಳಿದಂತೆ ಕೇಳಿ ಮಡಿಯುತ್ತದೆ. ನಾವು ಎರಡನೆಯದನ್ನೇ ಆರಿಸಿದೆವು.

“ಅಂಚು ಕೆಳಗ ಮಡಚಬೇಕ್ರಿ” ಎಂದ ಮಿಸ್ತ್ರಿ. ಬರಿಯ ಸಪಾಟು ತಗಡು ಎಂಜಿನ್ನಿನ ಅದುರಿಗೆ ಹಲಗೆಯ ಹಾಗೆ ಬಡಿದುಕೊಳ್ಳುತ್ತದೆ. ಸುತ್ತ ಒಂದೂವರೆ ಸೆಂಟಿಮೀಟರು ಮಡಿಚಿದರೆ ತಟ್ಟೆಯ ಅಂಚಿನಂತೆ ಬಿಗಿ ಬರುತ್ತದೆ. ಬಿದ್ದಾಗ ಎದೆಗೆ ಕುಯ್ಯದಂತೆ ಮೂಲೆಗಳನ್ನು ದುಂಡು ಮಾಡಬೇಕು. ಹ್ಯಾಂಡಲನ್ನು ಅಮುಕಿ ಹಿಡಿದಿರುವ ಬೋಲ್ಟುಗಳ ಜಾಗದಲ್ಲಿ ಅದೇ ಮರೆಯ ಉದ್ದನೆಯ ಬೋಲ್ಟು ಹಾಕಿ, ಮೊದಲಿನಂತೆಯೇ ಹ್ಯಾಂಡಲನ್ನು ಬಿಗಿದು, ಮಿಕ್ಕ ಉದ್ದಕ್ಕೆ ಮಣೆಯನ್ನು ಕೂರಿಸಬೇಕು. ಈ ಬೋಲ್ಟು ತಲೆಯ ಮೇಲೆ 8.8 ಎಂದು ಗುರುತಿರುವ ಗಟ್ಟಿ ಉಕ್ಕಿನದೇ ಆಗಿರಬೇಕು, ಏಕೆಂದರೆ ಇದು ಮಣೆಗಿಂತ ಮೊದಲು ಹ್ಯಾಂಡಲಿನ ಪ್ರಾಣ. ಮೊಬೈಲಿನ ಹಿಡಿಕೆಗೂ ಮಣೆಗೂ ನಡುವೆ ಮಾತ್ರ ಮೆತ್ತನೆಯ ರಬ್ಬರು. ಈ ರಬ್ಬರು ಬರಿಯ ಶೋಕಿಯಲ್ಲ: ಶಕ್ತಿಶಾಲಿ ಮೋಟಾರ್ ಸೈಕಲ್ಲುಗಳ ಅದುರಿನಿಂದ ಮೊಬೈಲಿನ ಕ್ಯಾಮೆರಾ ಕೆಡಬಹುದೆಂದು ಆ್ಯಪಲ್ ಕಂಪೆನಿಯೇ 2021ರಲ್ಲಿ ಎಚ್ಚರಿಕೆ ಹೇಳಿತ್ತು. ಬುಲೆಟ್ಟಿನ ಒಂಟಿ ಸಿಲಿಂಡರಿನ ಅದುರನ್ನು ಬಲ್ಲವರಿಗೆ ಆ ಎಚ್ಚರಿಕೆ ಹೊಸದೇನಲ್ಲ.

ಮೂರನೆಯ ದಿನ ಮಣೆ ಸಿದ್ಧವಾಯಿತು. ಕರಿಯ ಬಣ್ಣ ಹೊಡೆದು, ಗಾಡಿಗೆ ಬಿಗಿದು, ಕೂಕಟ್‌ಪಲ್ಲಿಯನ್ನೇ ಗೆದ್ದವರಂತೆ ಹೊರಡಲು ಅಣಿಯಾದೆವು. ಮಿಸ್ತ್ರಿ ಬೀಗದ ಕೈಯನ್ನು ಕಸಿದುಕೊಂಡ. “ತಡೀರಿ, ಸ್ಟ್ಯಾಂಡ್ ಹಾಕ್ರಿ. ಎಂಜಿನ್ ಚಾಲೂ ಮಾಡಿ ಹ್ಯಾಂಡಲ್ ಎರಡೂ ಕಡೆ ಪೂರಾ ತಿರುಗಿಸ್ರಿ.” ಎಡಕ್ಕೆ ತಿರುಗಿಸಿದೆವು, ಏನೂ ಆಗಲಿಲ್ಲ. ಬಲಕ್ಕೆ ಪೂರ್ತಿ ತಿರುಗಿಸಿದೆವು. ನಾವು ಮುಟ್ಟದೆಯೇ ಎಂಜಿನ್ ಗರ್ಜಿಸಿ ಏರಿತು! ಹೌಹಾರಿ ಹ್ಯಾಂಡಲ್ ನೆಟ್ಟಗೆ ಮಾಡಿದೊಡನೆ ಇಳಿಯಿತು.

ಕಾರಣ ಸುಲಭವಾಗಿಯೇ ಕಂಡಿತು. ಕೆಳಗೆ ಮಡಿಚಿದ ಅಂಚು ಆಕ್ಸಲರೇಟರಿನ ಕೇಬಲ್ಲನ್ನು ಒತ್ತಿ ಹಿಡಿದಿತ್ತು. ಹ್ಯಾಂಡಲ್ ತಿರುಗಿದಾಗ ಕೇಬಲ್ ಸರಿಯಲು ಎಡೆಯಿಲ್ಲದೆ ಎಳೆದಂತಾಗಿ ಪೆಟ್ರೋಲು ನುಗ್ಗುತ್ತಿತ್ತು. ನಮ್ಮ ರಟ್ಟಿನಲ್ಲಿ ಮಡಿಚಿದ ಅಂಚು ಇರಲೇ ಇಲ್ಲ, ಆದ್ದರಿಂದ ಅಳತೆಯಲ್ಲಿ ಈ ತಪ್ಪು ಕಂಡಿರಲಿಲ್ಲ. ಸಂತೆಯ ಹೊತ್ತಿನಲ್ಲಿ, ಕೂಕಟ್‌ಪಲ್ಲಿಯ ಯಾವುದಾದರೂ ಗಲ್ಲಿಯ ತಿರುವಿನಲ್ಲಿ, ಎದುರಿಗೆ ಮಕ್ಕಳಿರುವಾಗ ಹೀಗಾಗಿದ್ದರೆ? ನಾವಿಬ್ಬರೂ ಸ್ಟೂಲಿನ ಮೇಲೆ ಕೂತುಬಿಟ್ಟೆವು. ಅವ್ವನ ಕರೆಗೆ ಓಗೊಡಲೆಂದು ಮಾಡಿಸಿದ ಮಣೆಯೇ ನಮ್ಮನ್ನು ಆಸ್ಪತ್ರೆಗೆ ಸೇರಿಸುವುದರಲ್ಲಿತ್ತು.

ಮಿಸ್ತ್ರಿ ಮಾತಾಡದೆ ಮಣೆ ಬಿಚ್ಚಿದ. ಬಲಗಡೆ ಅಂಚಿನಲ್ಲಿ ನಾಲ್ಕು ಬೆರಳಷ್ಟು ಕತ್ತರಿಸಿ ತೆಗೆದ, ಅರದಿಂದ ನಯ ಮಾಡಿದ, ಮತ್ತೆ ಕೂರಿಸಿ ಮೂರು ಸಲ ತಿರುಗಿಸಿ ನೋಡಿದ. ಆಮೇಲೆಯೇ ಬೀಗದ ಕೈ ನಮ್ಮ ಕೈಗೆ ಬಂತು. ಮಾಡಿಸಿಕೊಳ್ಳಬೇಕೆಂದಿರುವ ಓದುಗರು ಉಳಿದದ್ದನ್ನೆಲ್ಲ ಮರೆತರೂ ಇದೊಂದನ್ನು ಮರೆಯಬಾರದು.

ವಿದ್ಯುತ್ತಿನ ಕೆಲಸ ಎರಡೇ ಮಾತಿನದು. ಬ್ಯಾಟರಿಯ 12 ವೋಲ್ಟನ್ನು ಮೊಬೈಲಿಗೆ ಬೇಕಾದ 5 ವೋಲ್ಟಿಗೆ ಇಳಿಸುವ ಸಾಕೆಟ್ಟನ್ನು ಬೀಗದ ಕೈಯ ನಂತರದ ತಂತಿಗೆ ಸೇರಿಸಬೇಕು. ನೇರವಾಗಿ ಬ್ಯಾಟರಿಗೆ ಸೇರಿಸಿದರೆ ನಿಂತ ಗಾಡಿಯಲ್ಲೂ ಬ್ಯಾಟರಿ ಸೋರುತ್ತದೆ. ನಡುವೆ 3 ಆಂಪಿಯರಿನ ಫ್ಯೂಸ್ ಇರಲೇಬೇಕು.

ಕಾನೂನಿನ ಮಾತೂ ಒಂದಿದೆ. 2020ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮದಂತೆ ಗಾಡಿ ನಡೆಸುವಾಗ ಮೊಬೈಲನ್ನು ದಾರಿ ನೋಡಲು ಮಾತ್ರ, ಅದೂ ಗಮನ ಕೆಡದಂತೆ, ಬಳಸಬಹುದು. ಆದ್ದರಿಂದ ಕರೆ ಬಂದದ್ದು ಮಣೆಯ ಮೇಲೆ ಕಂಡರೆ ನಾವು ಗಾಡಿಯನ್ನು ಬದಿಗೆ ನಿಲ್ಲಿಸಿ ಮಾತನಾಡುತ್ತೇವೆ. ನಮ್ಮ ತಂದೆಯವರ ಬಳಿ ಮೈಸೂರಿನಲ್ಲಿ ತಯಾರಾದ ಯೆಜ್ದಿ ಇತ್ತು. ಅದರ ಮುಂದೆ ವೇಗಮಾಪಕವೊಂದನ್ನು ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ. ದಾರಿ ತಪ್ಪಿದರೆ ಚಹಾದಂಗಡಿಯಲ್ಲಿ ನಿಲ್ಲುತ್ತಿದ್ದರು. ನಾವೂ ಈಗ ನಿಲ್ಲುತ್ತೇವೆ, ಕಾರಣ ಮಾತ್ರ ಬೇರೆ.

ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಗೆ ಹುಮನಾಬಾದಿಗೆ ಹೋದೆವು. ಸದಾಶಿವಪೇಟೆಯ ಆಚೆ ಆ ಗುಂಡಿ ಇದ್ದಲ್ಲೇ ಇತ್ತು. ಗಾಡಿ ಎಗರಿತು, ಮೊಬೈಲು ಕುಳಿತಲ್ಲೇ ಕುಳಿತಿತ್ತು. ಮನೆ ಮುಟ್ಟಿದಾಗ ಅವ್ವ ಕೋಲು ಊರಿಕೊಂಡು ಅಂಗಳಕ್ಕೆ ಬಂದು ಮಣೆಯನ್ನು ಬೆರಳಿನಿಂದ ತಟ್ಟಿ ನೋಡಿದಳು. “ಇಷ್ಟೆಲ್ಲಾ ಇಟ್ಟೀರಿ, ವೀರಭದ್ರನ ಪಟಕ್ಕ ಜಾಗಾನೇ ಇಲ್ಲಲ್ಲ!” ಎಂದು ಆಕ್ಷೇಪಿಸಿ, ಕತ್ತರಿಸಿದ ಆ ಅಂಚಿನ ಪಕ್ಕದಲ್ಲೇ ಒಂದು ಬೊಟ್ಟು ಕುಂಕುಮವಿಟ್ಟಳು.

ಮರುದಿನ ಸಂಜೆ ಹಿಂತಿರುಗುವಾಗ ಜಹೀರಾಬಾದು ದಾಟಿ ಸ್ವಲ್ಪ ದೂರ ಬಂದಿದ್ದೆವು. ಮಣೆಯ ಮೇಲೆ ಮೊಬೈಲು ಬೆಳಗಿತು, ಅವ್ವನ ಹೆಸರು ಕಂಡಿತು. ಗಾಡಿಯನ್ನು ಬೇವಿನ ಮರದಡಿಗೆ ಇಳಿಸಿದೆವು.

“ಎಲ್ಲಿ ಮುಟ್ಟೀರಿ?”

ಹೇಳಿದೆವು.

“ಏನಿಲ್ಲ. ಕೇಳಸ್ತದೋ ಇಲ್ಲೋ ನೋಡಬೇಕಂತ ಮಾಡಿದೆ” ಎಂದು ಇಟ್ಟುಬಿಟ್ಟಳು.