ಶಾಲೆಯಂಗಳದ ಅರವಟ್ಟಿಗೆ

ಸಂಸ್ಕೃತ ನಿಘಂಟುಗಳಲ್ಲಿ ನೀರಿಗೆ ಅನೇಕ ನಾಮಗಳುಂಟು. ಅಮರಕೋಶವು ಅದನ್ನು ‘ಜೀವನ’ವೆಂದೂ ‘ಅಮೃತ’ವೆಂದೂ ಕರೆದಿದೆ, ‘ವಿಷ’ವೆಂಬ ಶಬ್ದಕ್ಕೂ ನೀರೆಂಬ ಅರ್ಥವನ್ನು ಹೇಳಿದೆ. ವಿದ್ಯಾರ್ಥಿಗೆ ಇದು ಬಾಯಿಪಾಠದ ವಿಷಯ. ಬಯಲುಸೀಮೆಯ ಪ್ರಾಥಮಿಕ ಶಾಲೆಯ ಮಗುವಿಗಾದರೋ ಈ ಎರಡರ್ಥಗಳೂ ಒಂದೇ ಲೋಟದಲ್ಲಿ ತುಂಬಿ ಬರಬಲ್ಲವು.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ಸೀಮೆಗಳಲ್ಲಿ ಮಳೆ ವಿರಳ. ಕೆರೆಗಳು ಬತ್ತಿದಂತೆ ಕೊಳವೆ ಬಾವಿಗಳು ಆಳಕ್ಕಿಳಿದವು. ಶಿಲಾಪದರಗಳಲ್ಲಿ ಬಹುಕಾಲ ನಿಂತ ನೀರು ಅಲ್ಲಿಯ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಜಲಮೂಲವಿಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಲ್ಲಬಹುದು ಎಂಬುದು ಭಾರತೀಯ ಮಾನಕದ ವಿಧಿ. ಇದನ್ನು ಮೀರಿದ ನೀರೂ ಕಣ್ಣಿಗೆ ಸ್ಫಟಿಕದಂತೆ ತಿಳಿಯಾಗಿಯೇ ಇರುತ್ತದೆ. ಆದರೆ ಶಾಶ್ವತ ದಂತಗಳು ರೂಪುಗೊಳ್ಳುವ ಎಳವೆಯಲ್ಲಿ ಅದನ್ನು ಕುಡಿದ ಮಕ್ಕಳ ಹಲ್ಲುಗಳಲ್ಲಿ ಅಳಿಸಲಾಗದ ಕಂದುಕಲೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆ ಕೀಲುಗಳು ಬಿಗಿಯುತ್ತವೆ. ಕಾಯಿಸಿದರೂ ಈ ದೋಷ ತೊಲಗದು. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ವರ್ಷಾಂತ್ಯದ ಭಾವಚಿತ್ರಕ್ಕೆ ತುಟಿ ಬಿಗಿದು ನಿಲ್ಲುವ ಬಾಲಕಿಯನ್ನು ಕಂಡ ಉಪಾಧ್ಯಾಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂತಹ ಊರುಗಳಿಗೆ ದೂರದ ನದಿ, ಜಲಾಶಯಗಳ ನೀರನ್ನು ಶುದ್ಧಗೊಳಿಸಿ ಕೊಳವೆಯಲ್ಲಿ ತರುವುದು ಸ್ಥಿರವಾದ ಪರಿಹಾರ. ಕಾನೂನೂ ಅದಕ್ಕೆ ಬೆಂಬಲವಾಗಿದೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಪ್ರತಿ ಶಾಲೆಗೂ ಸುರಕ್ಷಿತವಾದ ಕುಡಿಯುವ ನೀರನ್ನು ವಿಧಿಸಿತು. ಅದನ್ನು ಆರು ತಿಂಗಳೊಳಗೆ ಒದಗಿಸಬೇಕೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. 2019ರಲ್ಲಿ ಜಲಜೀವನ ಮಿಷನ್ ಘೋಷಿತವಾಗಿ, 2020ರ ಗಾಂಧಿ ಜಯಂತಿಯಂದು ಶಾಲೆ, ಅಂಗನವಾಡಿಗಳಿಗೆ ನಲ್ಲಿ ನೀರು ಕೊಡುವ 100 ದಿನಗಳ ಅಭಿಯಾನವು ಮೊದಲಾಯಿತು.

ನಲ್ಲಿ ಬಂದುದು ಸಂತೋಷ. ಆದರೆ ನಲ್ಲಿ ಬಂದ ಮಾತ್ರಕ್ಕೆ ನೀರು ಬಂದಿತೆನ್ನಲಾಗದು; ನೀರು ಬಂದ ಮಾತ್ರಕ್ಕೆ ಅದು ನಿರ್ಮಲವೆನ್ನಲೂ ಆಗದು. ನೀರು ನಿಂತುನಿಂತು ಬರುವ ಊರಿನಲ್ಲಿ ಕೊಳವೆಯು ಬರಿದಾದ ವೇಳೆ ಬಿರುಕುಗಳ ಮೂಲಕ ಚರಂಡಿಯ ಕೊಳೆ ಒಳಸೇರಬಹುದು. ಮುಚ್ಚಳವಿಲ್ಲದ ತೊಟ್ಟಿಯಲ್ಲಿ ಪಾಚಿ ಬೆಳೆಯುವುದು. ನಲ್ಲಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ನಾದರೂ ಉಳಿದಿರಬೇಕು. ಉಳಿದಿದೆಯೇ ಎಂದು ನೋಡುವವರು ಬೇಕು. ನೀರು, ಶೌಚಾಲಯಗಳೆರಡೂ ಚೊಕ್ಕಟವಾಗಿರದ ಶಾಲೆಯಲ್ಲಿ ಹೆಣ್ಣುಮಕ್ಕಳು ಬಾಯಾರಿಕೆಯನ್ನೇ ನುಂಗಿ ಸಂಜೆಯವರೆಗೆ ಕುಳಿತಿರುತ್ತಾರೆ. ಬಾಯಾರಿದ ಮಗುವಿಗೆ ಯಾವ ಪಾಠ ತಾನೇ ಹತ್ತೀತು?

ನಮ್ಮ ನಾಡಿನಲ್ಲಿ ಕೆರೆ ಕಟ್ಟಿಸಿದವರೂ ಅರವಟ್ಟಿಗೆ ಇಟ್ಟವರೂ ಪುಣ್ಯವಂತರೆನಿಸಿಕೊಂಡಿದ್ದಾರೆ. ಕೆರೆಯನ್ನು ಒಮ್ಮೆ ಕಟ್ಟಿಸಿದರೆ ಕಲ್ಲಿನ ಮೇಲೆ ಹೆಸರು ನಿಲ್ಲುತ್ತದೆ. ಅರವಟ್ಟಿಗೆಯ ಧರ್ಮ ಬೇರೆ. ಅದನ್ನು ಇಟ್ಟವನು ಬೇಸಗೆ ಮುಗಿಯುವ ತನಕ ನಿತ್ಯವೂ ಕೊಡ ತೊಳೆದು ನೀರು ತುಂಬಬೇಕು. ಇಂದಿನ ಶಾಲೆಗಳಿಗೆ ಬೇಕಾದುದು ಈ ಎರಡನೆಯ ಧರ್ಮ. ಹೊಸ ತೊಟ್ಟಿಗೆ ದಾನಿಗಳು ದೊರೆಯುತ್ತಾರೆ. ಇದ್ದ ತೊಟ್ಟಿಯನ್ನು ತೊಳೆಸಲು, ಸೋರುವ ನಲ್ಲಿಯನ್ನು ಸರಿಪಡಿಸಲು, ನೀರಿನ ಪರೀಕ್ಷೆ ಮಾಡಿಸಲು ವರ್ಷವರ್ಷವೂ ಕೊಡುವವರು ವಿರಳ. ಅಂತಹ ದಾನಕ್ಕೆ ಶಿಲಾಫಲಕವಿಲ್ಲ. ಓಟ ಮುಗಿಸಿ ಬಂದ ಬಾಲಕನೊಬ್ಬ ನಲ್ಲಿಗೆ ಬೊಗಸೆಯೊಡ್ಡಿ, ಯಾವ ಶಂಕೆಯೂ ಇಲ್ಲದೆ ಕುಡಿದು, ಮುಖ ಒರೆಸಿಕೊಂಡು ತರಗತಿಗೆ ಮರಳುವುದೇ ಅದರ ಫಲ.