ಮನೆ ಬದಲಿಸುವ ಮಾತು

ಬಾಡಿಗೆಯ ಮನೆಯನ್ನು ಬಿಡುವ ದಿನ ಮನುಷ್ಯನಿಗೆ ತನ್ನ ಸ್ವತ್ತಿನ ನಿಜವಾದ ಲೆಕ್ಕವು ತಿಳಿಯುತ್ತದೆ. ಪೆಟ್ಟಿಗೆ, ಪಾತ್ರೆ, ಪುಸ್ತಕಗಳನ್ನು ಬಂಡಿಗೇರಿಸಬಹುದು. ಹಿತ್ತಿಲಲ್ಲಿ ತಾನೇ ನೆಟ್ಟು ಬೆಳೆಸಿದ ಕರಿಬೇವಿನ ಮರವನ್ನು ಏರಿಸಲಾಗದು. ಇಂದಿನ ಫೋನುಗಳ ವಿಷಯವೂ ಹೆಚ್ಚು ಕಡಮೆ ಹೀಗೆಯೇ ಉಂಟು. ೨೦೦೭ರಲ್ಲಿ ಐಫೋನು, ಮರುವರ್ಷ ಆಂಡ್ರಾಯ್ಡ್ ಫೋನು ಪೇಟೆಗೆ ಬಂದುವು. ಈಗ ಲೋಕದ ಬಹುಭಾಗವು ಈ ಎರಡು ಮನೆಗಳಲ್ಲಿಯೇ ಒಕ್ಕಲಾಗಿದೆ. ಒಂದರ ಅಂಗಡಿಯಲ್ಲಿ ಹಣ ತೆತ್ತು ಕೊಂಡ ಆ್ಯಪಿಗೆ ಇನ್ನೊಂದರಲ್ಲಿ ಸಾಮಾನ್ಯವಾಗಿ ಪುನಃ ಹಣ ತೆರಬೇಕು. ನಡುವಣ ಗೋಡೆಯು ತಾನಾಗಿ ಎದ್ದುದಲ್ಲ. ತಮ್ಮ ಐಮೆಸೇಜನ್ನು ಆಂಡ್ರಾಯ್ಡಿಗೂ ಕೊಟ್ಟರೆ ಗಿರಾಕಿಗಳು ಸುಲಭವಾಗಿ ಹೊರಬಿದ್ದಾರೆಂಬ ಅಳುಕು ಆಪಲ್ ಕಂಪನಿಯ ಅಧಿಕಾರಿಗಳಿಗೆ ಇದ್ದಿತೆಂಬುದು ೨೦೨೧ರಲ್ಲಿ ಅಮೆರಿಕದ ನ್ಯಾಯಾಲಯದ ಕಾಗದಪತ್ರಗಳಿಂದ ಬಯಲಾಯಿತು.

ಧಾರವಾಡದ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಈ ಗೋಡೆಯು ಎದುರಾಯಿತು. ಅವರ ಆಂಡ್ರಾಯ್ಡ್ ಫೋನಿಗೆ ಏಳು ವರ್ಷ. ಬೆಳಿಗ್ಗೆ ತುಂಬಿದ ಚಾರ್ಜು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿಯುತ್ತಿತ್ತು. ತಯಾರಿಸಿದವರು ಸುರಕ್ಷತೆಯ ತಿದ್ದುಪಡಿಗಳನ್ನು ಕಳುಹಿಸುವುದನ್ನು ನಿಲ್ಲಿಸಿ ಬಹುಕಾಲವಾಗಿತ್ತು. ಬೆಂಗಳೂರಿನ ಮಗಳು ತಾನು ಬಳಸುತ್ತಿದ್ದ ಐಫೋನನ್ನು ತಂದೆಗೆ ಕೊಡಲು ಮುಂದಾದಳು. “ಅಪ್ಪಾ, ಇನ್ನೆಷ್ಟು ದಿನ ಆ ಹಳೇ ಫೋನ್ ಹಿಡಕೊಂಡು ಕೂಡ್ತೀರಿ?” ಎಂದಳು. ಉಪಾಧ್ಯಾಯರು ಒಂದೊಂದಾಗಿ ನೆಪಗಳನ್ನು ಮುಂದಿಟ್ಟರು. ಕನ್ನಡ ಬರೆಯುವುದು ಹೇಗೆಂದರು. ಅದರಲ್ಲಿ ೨೦೧೭ರಿಂದಲೇ ಕನ್ನಡದ ಕೀಲಿಮಣೆ ಉಂಟೆಂದಳು. ನಂಬರು, ಫೋಟೋಗಳ ಗತಿಯೇನೆಂದರು. ಅವನ್ನು ಸಾಗಿಸುವ ಆ್ಯಪು ೨೦೧೫ರಲ್ಲಿಯೇ ಬಂದಿದೆಯೆಂದಳು. ನೆಪಗಳು ಮುಗಿದುವು, ಮನಸ್ಸು ಮಾತ್ರ ಒಪ್ಪಲಿಲ್ಲ.

ನಿಜವಾದ ಕಾರಣವನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಮಗಳ ಬಾಣಂತನಕ್ಕೆ ಹೋಗಿದ್ದಾಗ ಅವರ ಪತ್ನಿಯು ದಿನವೂ ವಾಟ್ಸಾಪಿನಲ್ಲಿ ತಮ್ಮ ದನಿಯನ್ನೇ ಕಳುಹಿಸುತ್ತಿದ್ದರು. “ಹಾಲಿನವನ ರೊಕ್ಕ ಗೂಡಿನ್ಯಾಗ ಇಟ್ಟೀನಿ, ಕೊಡ್ರಿ.” “ತುಳಸಿಗೆ ನೀರು ಹಾಕಿದ್ರೇನು?” ಎಂಟು ಹತ್ತು ಸೆಕೆಂಡುಗಳ ಮಾತು, ಅಷ್ಟೆ. ಆಕೆ ತೀರಿಕೊಂಡು ಮೂರು ವರ್ಷಗಳಾಗಿದ್ದುವು. ಆಂಡ್ರಾಯ್ಡಿನ ವಾಟ್ಸಾಪು ತನ್ನ ಪ್ರತಿಯನ್ನು ಗೂಗಲ್ಲಿನಲ್ಲಿ ಇಡುತ್ತದೆ. ಐಫೋನು ಅದನ್ನು ತೆರೆಯಲರಿಯದು. ೨೦೨೨ರಲ್ಲಿ ಒಂದು ದಾರಿಯೇನೋ ತೆರೆಯಿತು. ಆದರೆ ಐಫೋನು ಹೊಸದಿರಬೇಕು, ಇಲ್ಲವೆ ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡಿರಬೇಕು. ‘ಅಳಿಸಿ’ ಎಂಬ ಮಾತನ್ನು ಕೇಳಿಯೇ ಅವರು ಹೆದರಿದ್ದರು.

ಕೊನೆಗೆ ಒಂದು ರಾತ್ರಿ ಮಗಳಿಗೆ ಹೇಳಿದರು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಮುಂದಿನ ಭಾನುವಾರ ತಾನೇ ಬಂದಳು; ಫೋನನ್ನು ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿದಳು. ಆ ದನಿಗಳು ಫೋನಿನಲ್ಲಿಯೇ ವಾರವಾರದ ಕಡತಗಳಲ್ಲಿ ಬಿದ್ದಿದ್ದುವು. ಕಡತದ ಹೆಸರಿನಲ್ಲಿ ತಾರೀಖು ಉಂಟು, ಆಡಿದವರ ಹೆಸರಿಲ್ಲ. ನೆಂಟರು, ಹಳೆಯ ಶಿಷ್ಯರು, ಗ್ಯಾಸಿನವನು, ಎಲ್ಲರ ಮಾತೂ ಬೆರೆತಿತ್ತು. ತಂದೆ ಮಗಳು ಕುಳಿತು ಒಂದೊಂದನ್ನೇ ಕೇಳಿ ಆಕೆಯವನ್ನು ಆರಿಸಿದರು. ನಾಲ್ಕು ಸಂಜೆಗಳು ಹಿಡಿದುವು. ಆರಿಸಿದುದನ್ನು ಎರಡು ಪೆನ್‌ಡ್ರೈವುಗಳಿಗೆ ತುಂಬಿ ಒಂದನ್ನು ಮಗಳು ಒಯ್ದಳು. ಇನ್ನೊಂದು ಹೊಲದ ಕಾಗದಪತ್ರಗಳ ಜತೆಯಲ್ಲಿ ಕಪಾಟನ್ನು ಸೇರಿತು.

ಆ ಬಳಿಕ ಯಾವ ಫೋನು ಎಂಬ ಪ್ರಶ್ನೆಗೆ ಭಾರವೇ ಉಳಿಯಲಿಲ್ಲ. ಉಪಾಧ್ಯಾಯರು ಐಫೋನನ್ನು ಒಪ್ಪಿಕೊಂಡರು. ಯಾವುದು ಉತ್ತಮವೆಂಬ ಚರ್ಚೆಯನ್ನು ಜನರು ಮೊದಲು ಮಾಡುತ್ತಾರೆ. ಹೊರಡುವಾಗ ಒಯ್ಯಬಹುದಾದುದು ಯಾವುದು ಎಂಬುದನ್ನು ಕೊನೆಗೆ ಕೇಳುತ್ತಾರೆ. ಕ್ರಮವು ತಿರುಗುಮುರುಗಾಗಿರಬೇಕು. ಮನೆಯ ಒಡೆಯರು ಬೇರೆ ಇರುವಾಗ ಒಕ್ಕಲಾದವನು ತನ್ನ ಕರಿಬೇವಿನ ಬೀಜವನ್ನು ಕೈಯಲ್ಲಿ ಇಟ್ಟುಕೊಂಡಿರುವುದು ಲೇಸು.